ಹೆಣ್ಣು ಒಂದು, ಗಂಡು ಎರಡು

"'ಕರೆಂಟ್ ಉಳಿಸಬೇಕು' ಅನ್ನೋ ಈ ಪ್ರಶ್ನೆಗೆ ಹುಡುಗರೆಲ್ಲ 'ಪೂರ್ತಿ ಒಪ್ಪುತ್ತೇನೆ' ಅಂತ ಟಿಕ್ ಹಾಕ್ತಾರೆ. ಮನೇಲಿ ಲೈಟ್ ಆರಿಸೋರು ಮಾತ್ರ ಅಕ್ಕ-ತಂಗೀರು," ಎಂದಳು ಅವಳು, ಮೊದಲ ಭೇಟಿಯಲ್ಲೇ.

ನಾನು ವಿಶ್ವವಿದ್ಯಾಲಯದ ಒಂದು ವಿಭಾಗದಲ್ಲಿ ಅಂಕಿ-ಅಂಶ ನೋಡಿಕೊಳ್ಳುವ ತಾತ್ಕಾಲಿಕ ನೌಕರ. ಅವಳು ಎಂ.ಎ. ಕೊನೆಯ ವರ್ಷದವಳು. ನಾಳೆಯವರಿಗೂ ಉಳಿಸಿ ಬಳಸುವ ಸುಸ್ಥಿರ ಅಭಿವೃದ್ಧಿಯ ಬಗ್ಗೆ ಹುಡುಗರೂ ಹುಡುಗಿಯರೂ ಬೇರೆ ಬೇರೆಯಾಗಿ ಯೋಚಿಸುತ್ತಾರೆಯೇ ಎಂದು ಪ್ರಬಂಧ ಬರೆಯುತ್ತಿದ್ದಳು.

"ನಮ್ಮನೇಲಿ ಲೈಟ್ ನಾನೇ ಆರಿಸ್ತೀನಿ ರೀ," ಎಂದೆ.

"ಯಾಕೆ, ತಂಗಿ ಇಲ್ವಾ?"

ಅಂದಿನಿಂದ ಅವಳು ನನಗೆ ಜಗಳಗಂಟಿ, ನಾನು ಅವಳಿಗೆ ಲೆಕ್ಕದ ಮೇಷ್ಟ್ರು.

ಅವಳ ಪ್ರಶ್ನೆಗಳಿಗೆ ಉತ್ತರ ತುಂಬಿದ ನಾನೂರು ಫಾರಂ ನಾಲ್ಕು ಕಾಲೇಜುಗಳಿಂದ ಬಂದವು. ಇನ್ನೂರು ಅವಳು, ಇನ್ನೂರು ನಾನು ಕಂಪ್ಯೂಟರಿಗೆ ಏರಿಸುವುದೆಂದು ಹಂಚಿಕೊಂಡು ಒಂದೇ ಮೇಜಿನ ಎರಡು ತುದಿಯಲ್ಲಿ ಕೂತೆವು.

"ಕೇಳಿ ಇಲ್ಲಿ. ಒಬ್ಬ ಬರ್ದಿದಾನೆ, ಪೆಟ್ರೋಲ್ ಮುಗಿದ್ರೆ ವಿಜ್ಞಾನಿಗಳು ಬೇರೆ ಏನಾದ್ರೂ ಕಂಡುಹಿಡೀತಾರಂತೆ. ಪಾಪ, ಅವ್ರಿಗೆ ಪುರುಸೊತ್ತೇ ಕೊಡಲ್ಲ ಇವ್ರು!"

ನಕ್ಕಾಗ ಅವಳ ಮುಡಿಗೆ ಸಿಕ್ಕಿಸಿದ್ದ ಪೆನ್ನು ಜಾರುತ್ತಿತ್ತು. ನೋಡದೆಯೇ ಅದನ್ನು ಮತ್ತೆ ಸಿಕ್ಕಿಸಿ, ನಾನೂ ನಕ್ಕೆನೋ ಇಲ್ಲವೋ ಎಂದು ಓರೆಗಣ್ಣಲ್ಲಿ ನೋಡುತ್ತಿದ್ದಳು. ಆ ನೋಟಕ್ಕೆ ನಾನು ಬಿದ್ದೇಹೋದೆ. ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ದೂರದ ವಿಶ್ವವಿದ್ಯಾಲಯವೊಂದರಲ್ಲಿ ಮೂರು ವರ್ಷದ ಸಂಶೋಧನೆಗೆ ಅವಳು ಅರ್ಜಿ ಹಾಕಿದ್ದಳು. "ಫಲಿತಾಂಶ ಗಟ್ಟಿಯಾಗಿ ಬಂದ್ರೆ ಸೀಟು ನಿನ್ದೇ," ಎಂದಿದ್ದರು ಗೈಡ್ ಮೇಡಂ. "ಇಲ್ಲಾಂದ್ರೆ ಇನ್ನೊಂದು ವರ್ಷ ಇಲ್ಲೇ ಫಾರಂ ತುಂಬಿಸ್ತಾ ಇರಮ್ಮ."

ಎರಡೂ ಪಾಲು ಸೇರಿಸಿ ನೋಡಿದರೆ ವ್ಯತ್ಯಾಸವೇ ಇಲ್ಲ! ಹುಡುಗರೂ ಹುಡುಗಿಯರೂ ಸಮಸಮ.

"ಹೇಗೆ ಸಾಧ್ಯ ರೀ? ಅಷ್ಟು ಹುಡುಗೀರ ಮಾತು ನಾನೇ ಕಿವಿಯಾರೆ ಕೇಳಿದೀನಿ," ಎಂದವಳ ಮುಖ ಸಪ್ಪಗಾಯಿತು. ಬ್ಯಾಗ್ ತೆಗೆದುಕೊಂಡು ಹೊರಟುಹೋದಳು. ನನಗೆ ಒಳಗೊಳಗೇ ಖುಷಿಯಾಯಿತು. ಹೇಳಿಕೊಳ್ಳಲು ನಾಚಿಕೆ, ಆದರೂ ಆಯಿತು. ಇನ್ನೊಂದು ವರ್ಷ ಇಲ್ಲೇ ಇರುತ್ತಾಳಲ್ಲ!

ಮಾರನೆಯ ಮಧ್ಯಾಹ್ನ ಅವಳ ಪಾಲಿನ ಫಾರಂಗಳನ್ನು ತಾಳೆ ನೋಡಲು ಕೂತೆ. ಕಾಗದದಲ್ಲಿ 'ಹೆಣ್ಣು' ಎಂದಿದ್ದರೆ ಕಂಪ್ಯೂಟರಿನಲ್ಲಿ ಗುರುತಿನ ಸಂಖ್ಯೆ ಒಂದು, 'ಗಂಡು' ಎಂದಿದ್ದರೆ ಎರಡು. ಮುಂದಿನದೂ ಹಾಗೇ. ಇನ್ನೂರೂ ಹಾಗೇ. ನಾನು ಗಂಡಿಗೆ ಒಂದು, ಹೆಣ್ಣಿಗೆ ಎರಡು ಕೊಟ್ಟಿದ್ದೆ. ಎಲ್ಲರೂ ಮಾಡುವುದೇ ಹಾಗೆ, ಅದರಲ್ಲಿ ಹೇಳುವುದೇನಿದೆ ಎಂದು ಹೇಳಿರಲಿಲ್ಲ. ಜಗಳಗಂಟಿ ಹೆಣ್ಣನ್ನೇ ಮೊದಲು ಇಟ್ಟಿದ್ದಳು. ಅವಳ ಪಾಲಿನ ಹುಡುಗಿಯರೆಲ್ಲ ಹುಡುಗರಾಗಿ, ಹುಡುಗರೆಲ್ಲ ಹುಡುಗಿಯರಾಗಿ, ವ್ಯತ್ಯಾಸ ಮಂಗಮಾಯವಾಗಿತ್ತು.

ತಿದ್ದಿ ನೋಡಿದೆ. ವ್ಯತ್ಯಾಸ ಕಣ್ಣಿಗೆ ಹೊಡೆಯುವಂತೆ ಬಂತು. ನಾಳೆಗಾಗಿ ಇವತ್ತೇ ಏನನ್ನಾದರೂ ಬಿಟ್ಟುಕೊಡುತ್ತೇವೆ ಎಂದವರಲ್ಲಿ ಹುಡುಗಿಯರೇ ಎಷ್ಟೋ ಹೆಚ್ಚು. ಅವಳು ಹೇಳಿದ್ದೇ ನಿಜವಾಗಿತ್ತು.

ಬಾಯಿ ಮುಚ್ಚಿಕೊಂಡಿದ್ದರೆ ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ. ಅವಳ ಜೊತೆ ಹೋಗೋಣವೆಂದರೆ, ಲಕ್ವ ಹೊಡೆದ ಅಪ್ಪನನ್ನು ಬೆಳಿಗ್ಗೆ ಸಂಜೆ ಎತ್ತಿ ಕುರ್ಚಿಗೆ ಕೂರಿಸಬೇಕು. ಅಮ್ಮ ಒಬ್ಬಳ ಕೈಲಾಗದು. ಹೋಗುವ ಹಾಗಿಲ್ಲ, ಬಿಡುವ ಹಾಗಿಲ್ಲ. ಕೊನೆಗೆ ಅವಳಿಗೆ ಫೋನ್ ಮಾಡಿದೆ.

"ಹೆಣ್ಣಿಗೆ ಯಾವ ನಂಬರ್ ಕೊಟ್ಟಿದ್ರಿ?"

"ಒಂದು. ನೀವು?"

"ಎರಡು."

ಐದೇ ನಿಮಿಷಕ್ಕೆ ಮೆಟ್ಟಿಲು ಹಾರಿಕೊಂಡು ಬಂದಳು. ಏದುಸಿರು ಬಿಡುತ್ತ ಪರದೆ ನೋಡಿದಳು.

"ಹುಡುಗೀರ್ನ ಎರಡನೇದಕ್ಕೆ ತಳ್ಳಿದ್ದು ನೀವಾ?"

"ಎಲ್ರೂ ಹಾಗೇ ಮಾಡೋದು ರೀ."

"ಅಯ್ಯೋ, ನಾನು ಪ್ರಬಂಧದ ತುಂಬ ಬಡ್ಕೊಂಡಿರೋದು ಅದನ್ನೇ!" ನಕ್ಕಳು, ನಕ್ಕಳು, ಫಕ್ಕನೆ ನಿಲ್ಲಿಸಿದಳು. "ನೀವು ಇದನ್ನ ಹೇಳ್ದೇನೂ ಇರ್ಬಹುದಿತ್ತು."

"ಇರ್ಬಹುದಿತ್ತು."

"ನಾನು ಹೋದ್ರೆ ನಿಮ್ಗೇನೂ ಅನ್ಸಲ್ವಾ?"

"ನಿಮ್ಮನ್ನ ಬಿಟ್ಟಿರೋಕೆ ನನ್ನ ಕೈಲಾಗಲ್ಲ. ಇಲ್ಲೇ ಇರಿ ಅನ್ನೋಕೂ ಆಗಲ್ಲ. ಏನ್ ಮಾಡ್ಲಿ, ನೀವೇ ಹೇಳಿ."

ಅವಳು ಎದುರಿನ ಕುರ್ಚಿಯಲ್ಲಿ ಕುಸಿದು ಕೂತಳು. "ಇಷ್ಟು ದಿನ ಹೇಳೋಕೆ ಏನು ಧಾಡಿ ಆಗಿತ್ತು ನಿಂಗೆ?" ಎಂದು ನನ್ನ ಬೆರಳು ಹಿಡಿದುಕೊಂಡಳು. ಮೊದಲ ಸಲ ಏಕವಚನದಲ್ಲಿ ಬೈದಿದ್ದಳು. ನನಗೆ ಅಳು ಬಂತು.

ಸೀಟು ಸಿಕ್ಕಿತು. ಎರಡು ತಿಂಗಳು ಎರಡು ದಿನದಂತೆ ಮುಗಿದವು. ಬಸ್ ಹೊರಡುವ ಮುಂಚೆ ಅವಳು ಬಾಗಿಲಿನ ಹತ್ತಿರ ನಿಂತು, "ಒಂದ್ಸಲ ಹೋಗ್ಬೇಡ ಅನ್ನು," ಎಂದಳು.

"ಅಂದ್ರೆ ನಿಲ್ತೀಯಾ?"

"ಇಲ್ಲ."

"ಮತ್ತ್ಯಾಕೆ?"

"ಕೇಳಿಸ್ಕೊಂಡು ಹೋಗ್ತೀನಿ."

ಕಂಡಕ್ಟರ್ ಸೀಟಿ ಊದಿದ.

"ಹೋಗ್ಬೇಡ ಕಣೇ," ಎಂದೆ.

ಅವಳು ಹೂಂ ಎಂದು ತಲೆಯಾಡಿಸಿದಳು. ಆಮೇಲೆ ಕಣ್ಣೊರೆಸಿಕೊಂಡು ಬಸ್ ಹತ್ತಿದಳು.