ಸದ್ದಿಲ್ಲದ ಪಿಸ್ತೂಲಿನ ಒರೆ

"ಇನ್ನೂ ಸ್ವಲ್ಪ ಒತ್ತು," ಎಂದರು ಹಾಲ್ವರ್ ಮೇಷ್ಟ್ರು.

ಸಿಗ್ನೆ ಒತ್ತಿದಳು. ಪಿಸ್ತೂಲು ಚರ್ಮದ ಒರೆಯೊಳಗೆ ಅರ್ಧ ಇಳಿದು, ಗಂಟಲಲ್ಲಿ ಮೂಳೆ ಸಿಕ್ಕಿದ ಹಾಗೆ ನಿಂತಿತು. ಒಳಗೆ ಗುಂಡಿಲ್ಲವೆಂದು ಗೊತ್ತಿದ್ದರೂ ಅವಳು ಟ್ರಿಗರಿನಿಂದ ಬೆರಳು ದೂರವೇ ಇಟ್ಟಿದ್ದಳು. ಹೋದ ಭಾನುವಾರ ಇದೇ ಪಿಸ್ತೂಲು ಅದರ ಒಡೆಯ, ಉರುಳು ಹಾಕಿ ಬೇಟೆಯಾಡುವ ವರ್ಜಿಲ್ ಸ್ಟೋಕೆಯ ಕಿವಿಯ ಹಿಂದೆ ಒಂದು ಸಣ್ಣ ತೂತು ಮಾಡಿತ್ತು. ಅವನು ತನ್ನ ಕೊಟ್ಟಿಗೆಯಲ್ಲಿ, ಉರುಳಿಗೆ ಬಿದ್ದ ನರಿಯ ಚರ್ಮ ಸುಲಿಯುತ್ತಿದ್ದನಂತೆ. ಪಕ್ಕದ ಮನೆಯವರು ಊಟಕ್ಕೆ ಕೂತಿದ್ದರು. ಯಾರಿಗೂ ಏನೂ ಕೇಳಿಸಿರಲಿಲ್ಲ. ಆಮೇಲೆ ಪಿಸ್ತೂಲು ಸಿಕ್ಕಿದ್ದು ಸಿಗ್ನೆಯ ತಮ್ಮ ಎಮೆಟ್‌ನ ಪಿಕಪ್ಪಿನ ಸೀಟಿನ ಕೆಳಗೆ.

"ಬಿಡಮ್ಮಾ, ಸೈಲೆನ್ಸರ್ ಹಾಕಿರೋ ಪಿಸ್ತೂಲಿಗೆ ನನ್ನ ಅಂಗಡೀಲಿ ಒರೆ ಇಲ್ಲ. ಮೊಂಟಾನಾದಲ್ಲಿ ಯಾರ ಅಂಗಡೀಲೂ ಇಲ್ಲ," ಎಂದು ಕ್ಲೆಮ್ ನಕ್ಕ. ಕುದುರೆ ಜೀನು ಹೊಲಿಯುವುದು ಅವನ ಕಸುಬು. ಊರಿನ ಶೂಟಿಂಗ್ ಕ್ಲಬ್ಬಿನ ಮೇಲ್ವಿಚಾರಣೆಯೂ ಅವನದೇ. "ವರ್ಜಿಲ್ ಎಷ್ಟು ಸಲ ಬಂದು ತಲೆ ತಿಂದ ಗೊತ್ತಾ? ಗುರಿ ಹೊಡೆಯೋ ಪಿಸ್ತೂಲು ಮೊದಲೇ ಉದ್ದ, ಅದಕ್ಕೆ ಮೂತಿಗೊಂದು ಕೊಳವೆ ಬೇರೆ. ಕೊಳವೆ ಬಿಚ್ಚಿ ಜೇಬಲ್ಲಿ ಇಟ್ಕೊಳೋ ಮಾರಾಯ ಅಂದೆ. ಕೇಳಬೇಕಲ್ಲ!"

"ನೀನೇ ಒಂದು ಹೊಲಿದು ಕೊಡಬಹುದಿತ್ತು."

"ಅವನು ಪಿಸ್ತೂಲು ಕೈಗೆ ಕೊಟ್ಟಿದ್ರೆ ತಾನೇ ಮೇಷ್ಟ್ರೇ? ಇಷ್ಟು ಹತ್ತಿರದಿಂದ ಇದನ್ನ ನೋಡ್ತಿರೋದೇ ಇವತ್ತು."

ಮೇಷ್ಟ್ರು ಕನ್ನಡಕ ಹಣೆಗೇರಿಸಿ ಪಿಸ್ತೂಲನ್ನು ಮೂಗಿನ ತುದಿಗೆ ತಂದುಕೊಂಡರು. ಗುರಿ ನೋಡುವ ಹಿಂಬದಿಯ ಕಚ್ಚಿನ ಸಂದಿಗೆ ಹಲ್ಲುಕಡ್ಡಿ ಹಾಕಿ ಏನನ್ನೋ ಎಳೆದರು. ಈರುಳ್ಳಿಯ ಒಳಸಿಪ್ಪೆಯಷ್ಟು ತೆಳುವಾದ, ಬಣ್ಣವಿಲ್ಲದ ಒಂದು ಚೂರು. ಅದನ್ನು ಕರವಸ್ತ್ರದಲ್ಲಿ ಸುತ್ತಿಟ್ಟು ಗೋಡೆ ನೋಡುತ್ತ ನಿಂತರು. ಗೋಡೆಯ ತುಂಬ ಲಗಾಮುಗಳು, ಚಾಕುವಿನ ಒರೆಗಳು, ಕೊಂಬೆ ಕುಯ್ಯುವ ಗರಗಸ ಇಳಿಬಿಟ್ಟ ಒಂದು ಉದ್ದನೆಯ ಚರ್ಮದ ಚೀಲ.

ಬಾಗಿಲಿಗೆ ಒರಗಿದ್ದ ಶೆರಿಫ್ ಡ್ವೈಟ್ ಆಕಳಿಸಿದ. "ಆಯ್ತಾ ಮೇಷ್ಟ್ರೇ? ಕೊಂದವನು ಇದನ್ನ ಒರೇಲಿ ತಂದಿರಬೇಕು, ಒರೆ ಸಿಕ್ಕಿದ್ರೆ ಅವನೂ ಸಿಗ್ತಾನೆ ಅಂದ್ರಿ. ಎಮೆಟ್ ಅದನ್ನ ಒಲೆಗೆ ಹಾಕಿರ್ತಾನೆ ಬಿಡಿ. ಅವನ ನಾಯಿ ವರ್ಜಿಲ್‌ನ ಉರುಳಲ್ಲಿ ಸತ್ತಿತ್ತು. 'ನಿನ್ನ ಕುತ್ತಿಗೆಗೂ ಒಂದು ಉರುಳು ಹಾಕ್ತೀನಿ' ಅಂತ ಬಾರಲ್ಲಿ ಕೂಗಿದ್ದು ಇಡೀ ಕಣಿವೆಗೇ ಕೇಳಿಸಿದೆ."

"ಡ್ವೈಟ್, ಏಳನೇ ಕ್ಲಾಸಲ್ಲೂ ನೀನು ಉತ್ತರ ಮೊದಲು ಬರೆದು ಲೆಕ್ಕ ಆಮೇಲೆ ಮಾಡ್ತಿದ್ದೆ. ಪಿಸ್ತೂಲು ಸಿಕ್ಕಾಗ ಹೇಗಿತ್ತು, ಅದನ್ನ ಹೇಳು."

"ಬೆರಳಚ್ಚು ಒರೆಸಿತ್ತು. ಗುಂಡು ತುಂಬೋ ಡಬ್ಬಿ ಹೊರಗೆ ತೆಗೆದಿತ್ತು. ಗುಂಡು ಕೂರೋ ಜಾಗ ಮುಚ್ಚೋ ಬೋಲ್ಟ್ ಹಿಂದಕ್ಕೆಳೆದು ಸಿಕ್ಕಿಸಿತ್ತು, ಒಳಗೆ ಖಾಲಿ ಅಂತ ಕಣ್ಣಿಗೆ ಕಾಣೋ ಹಾಗೆ. ನಾಳೆ ಬೆಳಿಗ್ಗೆ ಎಮೆಟ್‌ನ ಕರ್ಕೊಂಡು ಹೋಗ್ತೀನಿ, ಇನ್ನು ಕಾಯಲ್ಲ."

ಸಿಗ್ನೆ ಮೇಷ್ಟ್ರ ಕೋಟು ತಂದು ಅವರ ಕೈಗಿಟ್ಟಳು.

ಮೇಷ್ಟ್ರಿಗೆ ಕಣ್ಣು ಮಂದವಾದ ಮೇಲೆ ಅವರ ಗಾಡಿ ಓಡಿಸುತ್ತಿದ್ದವಳು ಅವಳೇ. ಹಿಮ ಕೆರೆದ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ಗಾಡಿ ನಿಲ್ಲಿಸಿಬಿಟ್ಟಳು.

"ಮೇಷ್ಟ್ರೇ, ಒರೆ ಹುಡುಕೋದು ಬೇಡ. ನಂಗೆ ಭಯ ಆಗ್ತಿದೆ."

"ಯಾವುದಕ್ಕೆ?"

"ಅದು ಎಮೆಟ್‌ನ ಮನೇಲೇ ಸಿಕ್ಕಿಬಿಟ್ರೆ? ನಿನ್ನೆ ಅವನನ್ನ ಕೇಳಿಬಿಟ್ಟೆ, 'ನೀನೇ ಮಾಡಿದ್ಯಾ' ಅಂತ. ಅವನು ನನ್ನ ಮುಖ ನೋಡಿದ, ಅಷ್ಟೇ. ಎದ್ದು ಹೊರಗೆ ಹೋದ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ, "ಅವನ ಬಂದೂಕು ಗಾಡೀಲಿ ಹೇಗಿರುತ್ತೆ?" ಎಂದು ಕೇಳಿದರು.

"ಹೇಗೆ ಅಂದ್ರೆ? ತುಂಬೇ ಇರುತ್ತೆ. ಖಾಲಿ ಬಂದೂಕು ಬರೀ ದೊಣ್ಣೆ ಅಂತ ಅಪ್ಪ ಹೇಳ್ತಿದ್ದ."

"ಹೂಂ. ಲಿಯೋನಾ ಮನೆಗೆ ಬಿಡು."

ವರ್ಜಿಲ್‌ನ ಹೆಂಡತಿ ಲಿಯೋನಾ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದಳು. ಊರವರು ಓವನ್ನಿನಲ್ಲಿ ಬೇಯಿಸಿ ತಂದಿಟ್ಟ ಆಲೂಗಡ್ಡೆಯ ತಟ್ಟೆಗಳು ಮುಟ್ಟದೆ ತಣ್ಣಗಾಗಿದ್ದವು. ಸಿಗ್ನೆಯನ್ನು ಕಂಡು ಅವಳು ಮುಖ ತಿರುಗಿಸಿದಳು; ಮೇಷ್ಟ್ರ ಮಾತಿಗೆ ಮಾತ್ರ ಉತ್ತರ ಕೊಟ್ಟಳು.

"ಹೋದ ವಾರವೆಲ್ಲ ಉರುಳು ನೋಡೋಕೆ ಹಳೇ ರೈಫಲ್ ತಗೊಂಡು ಹೋಗ್ತಿದ್ರು. ಅದರ ಸದ್ದಿಗೆ ಕಾಡೆಲ್ಲ ಎದ್ದು ಓಡುತ್ತೆ ಅಂತ ಬೈತಾನೇ ಹೋಗ್ತಿದ್ರು. ಪಿಸ್ತೂಲೆಲ್ಲಿ ಅಂದ್ರೆ, 'ಕೇಳಬೇಡ, ಕೇಳಿದ್ರೆ ನೀನೂ ಜೈಲಿಗೆ' ಅಂತ ನಗೋರು."

"ಬೇರೆ ಏನಾದ್ರೂ ಚಿಂತೆ?"

"ಶರತ್ಕಾಲದಲ್ಲಿ ಬೇಟೆಗೆ ಬಂದಿದ್ದ ಒಬ್ಬ ಹುಡುಗ ಯಾರದೋ ಗುಂಡಿಗೆ ಸತ್ತನಲ್ಲ, ಅದೇ ಚಿಂತೆ. 'ಹೊಡೆದವನು ತಾನೇ ಬಂದು ಒಪ್ಪಿಕೊಳ್ಳಬೇಕು, ನಾನು ಹೇಳಿದ್ರೆ ಚೆನ್ನಾಗಿರಲ್ಲ' ಅಂತಿದ್ರು. ಯಾರು ಅಂತ ಬಾಯಿ ಬಿಡಲಿಲ್ಲ."

ಮರುದಿನ ಬೆಳಿಗ್ಗೆ ಮೇಷ್ಟ್ರು ಎಲ್ಲರನ್ನೂ ಕ್ಲೆಮ್‌ನ ಅಂಗಡಿಗೇ ಕರೆಸಿದರು. ಲಿಯೋನಾ ಒಲೆಯ ಹತ್ತಿರ ಕೂತಳು. ಎಮೆಟ್ ಕೈ ಕಟ್ಟಿ ಕಿಟಕಿಯ ಬಳಿ ನಿಂತ; ಅಕ್ಕನ ಕಡೆ ತಿರುಗಲಿಲ್ಲ. ಶೆರಿಫ್‌ನ ಬೆಲ್ಟಿನಲ್ಲಿ ಬೇಡಿ ತೂಗುತ್ತಿತ್ತು. ಸಿಗ್ನೆಗೆ ಅದನ್ನು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

"ಕಾಫಿ ಕಾಸಲಾ ಮೇಷ್ಟ್ರೇ?" ಎಂದ ಕ್ಲೆಮ್.

"ಬೇಡಪ್ಪ, ಕೂತ್ಕೋ. ಮೊದಲನೇದು, ಗಾಡಿ. ಈ ಕಣಿವೇಲಿ ಯಾರೂ ಗಾಡಿಗೆ ಬೀಗ ಹಾಕಲ್ಲ. ಅಲ್ಲಿ ಯಾರು ಬೇಕಾದ್ರೂ ಏನು ಬೇಕಾದ್ರೂ ಇಡಬಹುದು. ಎರಡನೇದು, ಬೋಲ್ಟು. ಕೊಲೆ ಮಾಡಿ ಬಂದವನು ಕೈ ನಡುಗ್ತಿರುವಾಗಲೂ ಡಬ್ಬಿ ತೆಗೆದ, ಬೋಲ್ಟ್ ಹಿಂದಕ್ಕೆ ಸಿಕ್ಕಿಸಿದ, ಆಮೇಲೇ ಪಿಸ್ತೂಲು ಕೆಳಗಿಟ್ಟ. ಎಮೆಟ್ ಬಂದೂಕು ಯಾವತ್ತಾದ್ರೂ ಖಾಲಿ ಮಾಡಿದಾನಾ? ಅದು ಕ್ಲಬ್ಬಿನವರ ಕೈ. ಬೋಲ್ಟ್ ತೆರೆಯದೆ ಆಯುಧ ಕೆಳಗಿಟ್ಟರೆ ಕ್ಲಬ್ಬಿಂದ ಆಚೆ ಕಳಿಸ್ತಾರೆ. ಕೊನೆಗೆ ಕೈ ತಾನೇ ತಾನಾಗಿ ಅದನ್ನ ಮಾಡಿಬಿಡುತ್ತೆ."

"ಕ್ಲಬ್ಬಲ್ಲಿ ಅರ್ಧ ಊರಿದೆ," ಎಂದ ಶೆರಿಫ್. "ನಾನೂ ಇದ್ದೀನಿ."

"ಸರಿ, ನಿನ್ನನ್ನೂ ಸೇರಿಸ್ಕೋತೀನಿ. ಮೂರನೇದು ಇದು." ಮೇಷ್ಟ್ರು ಕರವಸ್ತ್ರ ಬಿಚ್ಚಿದರು. "ಉಳಿದ ಅಡುಗೆ ಮುಚ್ಚೋ ತೆಳು ಪ್ಲಾಸ್ಟಿಕ್ಕು. ಪಿಸ್ತೂಲಿಗೆ ಇದನ್ನ ಯಾಕೆ ಸುತ್ತಬೇಕು? ಒರೆ ಮಾಡೋವಾಗ ಚರ್ಮ ನೆನೆಸಿ, ಪಿಸ್ತೂಲಿನ ಮೇಲೇ ಒತ್ತಿ, ಒಣಗೋಕೆ ಬಿಡಬೇಕು. ನೀರು ತಾಗಿ ಕಬ್ಬಿಣ ತುಕ್ಕು ಹಿಡೀಬಾರದು ಅಂತ ಸುತ್ತುತಾರೆ. ಒಣಗೋಕೆ ದಿನಗಳು ಬೇಕು. ಅಂದ್ರೆ ಹೋದ ವಾರ ಪಿಸ್ತೂಲು ವರ್ಜಿಲ್ ಮನೇಲಿರಲಿಲ್ಲ, ಒರೆ ಹೊಲಿಯೋನ ಹತ್ತಿರ ಇತ್ತು."

"ಹಾಗಿದ್ರೆ ವರ್ಜಿಲ್ ಯಾರಿಗೂ ಯಾಕೆ ಹೇಳಲಿಲ್ಲ?" ಎಂದಳು ಸಿಗ್ನೆ.

"ಹೇಳಿದ್ರೆ ಇಬ್ಬರೂ ಒಳಗೆ. ಸೈಲೆನ್ಸರ್ ಯಾರ ಹೆಸರಲ್ಲಿ ದಾಖಲಾಗಿದೆಯೋ ಅವನು ಅದನ್ನ ಇನ್ನೊಬ್ಬನ ಹತ್ತಿರ ಬಿಟ್ಟು ಬರೋ ಹಾಗಿಲ್ಲ, ಕಾನೂನು. ಅದಕ್ಕೇ ಗುಟ್ಟು. ಆ ಗುಟ್ಟೇ ಕೊಂದವನಿಗೆ ಅನುಕೂಲ ಆಯ್ತು. ಭಾನುವಾರ ಒರೆ ತಂದಿದ್ದೀನಿ ಅಂತ ಅವನು ಕೊಟ್ಟಿಗೆಗೆ ಬಂದ್ರೆ ವರ್ಜಿಲ್ ತಲೇನೂ ಎತ್ತದೆ ಕೆಲಸ ಮಾಡ್ತಾ ಇದ್ದ."

"ಕತೆ ಚೆನ್ನಾಗಿದೆ," ಎಂದ ಕ್ಲೆಮ್. ಅವನ ಕೈಯಲ್ಲಿ ಚರ್ಮ ಕುಯ್ಯುವ ಅರ್ಧಚಂದ್ರದ ಕತ್ತಿ ಇತ್ತು. ಅದು ಯಾವಾಗ ಅವನ ಕೈಗೆ ಬಂತೋ ಸಿಗ್ನೆಗೆ ತಿಳಿಯಲಿಲ್ಲ. "ಒರೆ ಎಲ್ಲಿ ಹಾಗಾದ್ರೆ?"

ಮೇಷ್ಟ್ರು ಮೆಲ್ಲಗೆ ಎದ್ದು ಗೋಡೆಯಿಂದ ಉದ್ದನೆಯ ಚೀಲ ಇಳಿಸಿದರು. ಗರಗಸ ಎಳೆದು ಬದಿಗಿಟ್ಟರು. "ಚಪ್ಪಟೆ ಗರಗಸದ ಚೀಲಕ್ಕೆ ಹೊಟ್ಟೆಯಲ್ಲಿ ಈ ಉಬ್ಬು ಯಾಕೆ? ಟ್ರಿಗರ್ ಸುತ್ತ ಇರೋ ಬಳೆ ಇಲ್ಲಿ ಕೂತ ಗುರುತು. ಒರೆ ಅಂತ ಗೊತ್ತಾಗದಿರಲಿ ಅಂತ ಕೆಳಗಡೆ ತೆರೆದಿದ್ದ ಬಾಯಿಗೆ ಹೊಸ ದಾರದಲ್ಲಿ ಹೊಲಿಗೆ ಹಾಕಿದಾನೆ. ಡ್ವೈಟ್, ಕೊಡು."

ಪಿಸ್ತೂಲು ಕೊಳವೆಸಮೇತ, ಮನೆಗೆ ಬಂದವರ ಹಾಗೆ, ಒಳಗಿಳಿದು ಕೂತಿತು.

"ಇದನ್ನ ಸುಟ್ಟುಬಿಡೋದಲ್ವೇನೋ ಕ್ಲೆಮ್?" ಎಂದರು ಮೇಷ್ಟ್ರು.

ಕ್ಲೆಮ್ ಒರೆಯ ಕಡೆ ಕೈ ಚಾಚಿದ. ಶೆರಿಫ್ ಹಿಂದಿನಿಂದ ಅವನ ಮಣಿಕಟ್ಟು ಹಿಡಿದ. ಕತ್ತಿ ನೆಲಕ್ಕೆ ಬಿತ್ತು.

"ಮನಸ್ಸು ಬರಲಿಲ್ಲ," ಎಂದ ಅವನು. "ನಾನು ಮಾಡಿದ್ರಲ್ಲೆಲ್ಲ ಅದೇ ಒಳ್ಳೇದು." ಆಮೇಲೆ ಲಿಯೋನಾಳ ಕಡೆ ತಿರುಗಿದ. "ಪೊದೆಯೊಳಗೆ ಕಂದು ಬಣ್ಣ ಅಲ್ಲಾಡ್ತು. ಜಿಂಕೆ ಅಂದ್ಕೊಂಡು ಹೊಡೆದೆ. ಹುಡುಗ ಅಂತ ಗೊತ್ತಿರಲಿಲ್ಲ. ವರ್ಜಿಲ್ ನೋಡಿದ್ದ. ಭಾನುವಾರದೊಳಗೆ ಒಪ್ಪಿಕೋ ಅಂದಿದ್ದ."

ಲಿಯೋನಾ ಒಲೆಯ ಬೆಂಕಿ ನೋಡುತ್ತ ಕೂತಳು.

ಶೆರಿಫ್‌ನ ಗಾಡಿ ಕ್ಲೆಮ್‌ನನ್ನು ಹತ್ತಿಸಿಕೊಂಡು ಹೋಯಿತು. ಎಮೆಟ್‌ನ ಪಿಕಪ್ ಇನ್ನೂ ಠಾಣೆಯಲ್ಲೇ ಇತ್ತು. ಅವನು ಅಂಗಡಿಯ ಮೆಟ್ಟಿಲಲ್ಲಿ ನಿಂತು ಕೋಟಿನ ಕಾಲರ್ ಎತ್ತಿಕೊಂಡ. ಗಾಳಿ ಮುಖ ಕುಯ್ಯುತ್ತಿತ್ತು. ಸಿಗ್ನೆ ಗಾಡಿಯ ಬಾಗಿಲು ತೆರೆದು ಹಿಡಿದಳು. ಭಯ ಹೋಗಿರಬೇಕಿತ್ತು, ಅದು ತಮ್ಮ ಏನನ್ನುತ್ತಾನೋ ಎಂಬಲ್ಲಿಗೆ ಜಾಗ ಬದಲಿಸಿತ್ತಷ್ಟೆ.

"ಹತ್ತೋ. ಹೀಟರ್ ಹಾಕಿದೀನಿ. ಮನೇಲಿ ಸೂಪ್ ಮಾಡಿಟ್ಟಿದೀನಿ, ನೀನು ಬರ್ತೀಯ ಅಂತ."

ಎಮೆಟ್ ಆವತ್ತು ಮೊದಲ ಸಲ ಅವಳ ಕಣ್ಣಿಗೆ ಕಣ್ಣು ಕೊಟ್ಟ.

"ಯಾವಾಗ ಮಾಡಿದ್ದು? ಇವತ್ತು ಮೇಷ್ಟ್ರು ಹೇಳೋಕೆ ಮುಂಚೆಯಾ, ಹೇಳಿದ ಮೇಲಾ?"

ಅವಳು ಬಾಗಿಲನ್ನು ಇನ್ನಷ್ಟು ಅಗಲ ತೆರೆದಳು.

"ದಾರಿ ದೂರ ಇದೆ ಕಣೋ. ಬಾರೋ," ಎಂದಳು.

"ಬರಲ್ಲ," ಎಂದ ಎಮೆಟ್. ಹಿಮದ ರಸ್ತೆಗಿಳಿದು ನಡೆಯತೊಡಗಿದ.