ದೊಡ್ಡ ಸಿಸ್ಟರ್ ಲಾಗಿನ್

ಹದಿಮೂರನೇ ತಾರೀಕು, ಬುಧವಾರ, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಶಿಶುವಿಹಾರದ ಟೀಚರ್ ಒಬ್ಬರು ಠಾಣೆಗೆ ಬಂದು ಇನ್‌ಸ್ಪೆಕ್ಟರ್ ಮೇಡಂ ಎದುರು ಒಂದು ಹಾಳೆ ಇಟ್ಟರು. ನಾಲ್ಕೂ ಮೂಲೆಗೆ ಅಂಟುಪಟ್ಟಿ ಇನ್ನೂ ಹತ್ತಿಕೊಂಡಿತ್ತು. ಆಸ್ಪತ್ರೆಯ ಕಡತದ ಪ್ರತಿ ಅದು. ಟೀಚರ್ ಎರಡು ವರ್ಷದಿಂದ ಮನೋವೈದ್ಯರಿಗೆ ತೋರಿಸಿಕೊಳ್ಳುತ್ತಿರುವುದು, ನುಂಗುವ ಮಾತ್ರೆ, ಒಮ್ಮೆ ಸಾಯಬೇಕೆನಿಸಿದ್ದು, ಒಂದೂ ಬಿಡದೆ ಎಲ್ಲ ಅದರಲ್ಲಿತ್ತು.

"ಸ್ಕೂಲ್ ಗೇಟಿಗೆ ಅಂಟಿಸಿದ್ರು ಮೇಡಂ. ಮಕ್ಕಳನ್ನ ಬಿಡೋಕೆ ಬಂದವರೆಲ್ಲ ಓದಿದ್ದಾರೆ. ನಾಳೆಯಿಂದ ಬರಬೇಡಿ ಅಂತ ನನಗೆ ಹೇಳಿಬಿಟ್ರು."

"ಯಾರ ಮೇಲಾದ್ರೂ ಅನುಮಾನ?"

"ನಾದಿನಿ ಇರಬಹುದು. ಇಲ್ಲಾ ಪಕ್ಕದ ಕ್ಲಾಸಿನವಳು. ಈಗ ಯಾರನ್ನ ನೆನೆಸಿಕೊಂಡ್ರೂ ಅನುಮಾನವೇ."

ಮೇಡಂಗೆ ಮೈಯೆಲ್ಲ ಉರಿಯಿತು. ಹತ್ತು ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಬರೆದವನು ನಿಮಿಷ ನಿಮಿಷದ ಲೆಕ್ಕ ಇಡುವ ಕಾನ್‌ಸ್ಟೆಬಲ್. ಠಾಣೆಯಲ್ಲಿ ಅವನ ಹೆಸರೇ 'ಗಡಿಯಾರ'.

ಗಡಿಯಾರನ ಜೊತೆ ಮೇಡಂ ಆಸ್ಪತ್ರೆಗೆ ಹೋದರು. ಅಲ್ಲಿನ ಕಡತಗಳೆಲ್ಲ ಒಳಗಿನ ನೆಟ್‌ವರ್ಕಿನಲ್ಲಿದ್ದವು, ಹೊರಗಿನಿಂದ ಯಾರೂ ನೋಡುವಂತಿರಲಿಲ್ಲ. ಮಂಗಳವಾರ ಮಧ್ಯಾಹ್ನ ಒಂದು ನಲವತ್ತಕ್ಕೆ ಮೂರನೇ ನಂಬರಿನ ಕಂಪ್ಯೂಟರಿನಿಂದ, ಎಲ್ಲರೂ ದೊಡ್ಡ ಸಿಸ್ಟರ್ ಎನ್ನುವ ಹೆಡ್ ನರ್ಸ್ ಲಾಗಿನ್ನಿನಲ್ಲಿ ಟೀಚರ್ ಕಡತ ಪ್ರಿಂಟ್ ಆಗಿತ್ತು.

"ಆ ಸಿಸ್ಟರನ್ನ ಕರೀರಿ," ಎಂದರು ಮೇಡಂ.

"ಅವರು ತೀರಿಕೊಂಡು ಎಂಟು ತಿಂಗಳಾಯ್ತು ಮೇಡಂ," ಎಂದರು ಆಸ್ಪತ್ರೆಯ ಸೂಪರಿಂಟೆಂಡೆಂಟ್. "ಅವರ ಲಾಗಿನ್‌ನಲ್ಲಿ ಎಲ್ಲಾ ವಾರ್ಡಿನ ಫೈಲೂ ಓಪನ್ ಆಗುತ್ತೆ. ಅನುಕೂಲ ಅಂತ ಹಾಗೇ ಇಟ್ಟುಕೊಂಡಿದ್ದೀವಿ."

"ಪಾಸ್‌ವರ್ಡ್ ಎಷ್ಟು ಜನಕ್ಕೆ ಗೊತ್ತು?"

"ಎಲ್ಲರಿಗೂ," ಎಂದು ಅವರು ನಕ್ಕರು.

ಪ್ರತಿ ಕಂಪ್ಯೂಟರಿನ ಅಂಚಿಗೂ ಗಾಯದ ಪ್ಲಾಸ್ಟರ್ ಅಂಟಿಸಿ, ಅದರ ಮೇಲೆ ಪಾಸ್‌ವರ್ಡ್ ಬರೆದಿದ್ದರು. ಬಚ್ಚಲಿಗಾದರೂ ಒಳಗಿಂದ ಒಂದು ಚಿಲಕ ಇರುತ್ತದೆ, ಇಲ್ಲಿ ರೋಗಿಗಳ ಗುಟ್ಟಿಗೆ ಅಷ್ಟೂ ಮರ್ಯಾದೆ ಇರಲಿಲ್ಲ.

ಮೂರನೇ ನಂಬರಿನ ಕಂಪ್ಯೂಟರ್ ನೋಂದಣಿ ಕೌಂಟರಿನದು. ಅಲ್ಲಿದ್ದಾಕೆ ತಲೆಯಾಡಿಸಿದಳು. "ಮಂಗಳವಾರ ಇದು ಇಲ್ಲಿರಲೇ ಇಲ್ಲ. ರಿಪೇರಿಗೆ ಹೋಗಿತ್ತು."

ಗಡಿಯಾರ ರಿಪೇರಿ ರಿಜಿಸ್ಟರ್ ತಂದ. ಸೋಮವಾರ ನಾಲ್ಕು ಹದಿನೈದಕ್ಕೆ ಬಂದದ್ದು, ಮಂಗಳವಾರ ಒಂದು ಹದಿನೈದಕ್ಕೆ ಸರಿಯಾದದ್ದು, ಬುಧವಾರ ಒಂಬತ್ತಕ್ಕೆ ವಾಪಸಾದದ್ದು, ಎಲ್ಲ ಮುದ್ದಾದ ಅಕ್ಷರದಲ್ಲಿ ನಮೂದಾಗಿತ್ತು. ಪ್ರತಿ ಸಾಲಿಗೂ ಸಹಿ.

"ಎಷ್ಟು ಚೊಕ್ಕ ರಿಜಿಸ್ಟರ್ ಮೇಡಂ," ಎಂದ. ಅವನಿಗೆ ನಿಜಕ್ಕೂ ಮೆಚ್ಚುಗೆಯಾಗಿತ್ತು.

ಸಹಿ ನೆಟ್‌ವರ್ಕ್ ನೋಡಿಕೊಳ್ಳುವವನದು, ರಿಪೇರಿ ನಡೆಯುತ್ತಿದ್ದುದೂ ಅವನ ಕೋಣೆಯಲ್ಲೇ. ಇಡೀ ಆಸ್ಪತ್ರೆಯಲ್ಲಿ ನೆಟ್ಟಗೆ ಬೀಗ ಬೀಳುತ್ತಿದ್ದುದು ಅವನ ಕೋಣೆಗೊಂದೇ.

"ಈ ಕೋಣೆ ಕೀ ಬೇರೆ ಯಾರ ಹತ್ರ ಇದೆ?"

"ಯಾರ ಹತ್ರಾನೂ ಇಲ್ಲ. ನಾನು ಕೊಡೋನಲ್ಲ."

"ಹಾಗಾದ್ರೆ ಮಂಗಳವಾರ ಒಂದು ನಲವತ್ತಕ್ಕೆ ಇಲ್ಲಿ ಪ್ರಿಂಟ್ ತೆಗೆದಿದ್ದು ಯಾರು?"

ಅವನು ಡ್ರಾಯರ್ ಎಳೆದು ಮೂರು ಪತ್ರ ತೆಗೆದಿಟ್ಟ. ಸತ್ತವರ ಲಾಗಿನ್ ಮುಚ್ಚಿಸಿ, ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡ್ ಕೊಡಿ ಎಂದು ಮೂರು ಸಲ ಬರೆದಿದ್ದ. ಮೂರನೆಯದು ಸೂಪರಿಂಟೆಂಡೆಂಟರ ಟೇಬಲ್ಲಿನಿಂದ ಚಹಾ ಲೋಟದ ಕಲೆ ಹೊತ್ತು ವಾಪಸ್ ಬಂದಿತ್ತು.

"ಬರೆದು ಬರೆದು ಕೈ ಸೋತುಹೋಯ್ತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಏನಾದ್ರೂ ಒಂದು ಆದ್ಮೇಲೇ ಇವರಿಗೆ ಬುದ್ಧಿ ಬರೋದು ಅನ್ನಿಸ್ತು."

"ಆ ಟೀಚರ್ ನಿಮಗೇನು ಮಾಡಿದ್ರು?"

"ಯಾವ ಟೀಚರ್?"

ಮೇಡಂ ಗೇಟಿಗೆ ಅಂಟಿಸಿದ್ದ ಹಾಳೆಯನ್ನು ಅವನ ಮುಂದೆ ಹಿಡಿದರು.

"ಓ, ಅವರಾ," ಎಂದ. "ಪಟ್ಟಿಯಲ್ಲಿ ಮೊದಲನೇ ಫೈಲ್ ತೆಗೆದೆ, ಅಷ್ಟೇ. ಕೆಲಸದ ವಿಳಾಸ ಅದರಲ್ಲೇ ಇತ್ತು."

ಪತ್ರದಲ್ಲಿ ಅವನು ಬರೆದದ್ದೆಲ್ಲ ಸರಿಯೇ. ಮೇಡಂಗೆ ಹೇಸಿಗೆಯಾದದ್ದು ಅದಕ್ಕೇ. ತನ್ನ ಮಾತು ನಿಜವೆಂದು ತೋರಿಸಲು ಅವನಿಗೆ ಒಬ್ಬ ರೋಗಿ ಬೇಕಾಗಿತ್ತು, ಯಾರಾದರೂ ನಡೆಯುತ್ತಿತ್ತು. ಮೂರೂವರೆಗೆ ಪಂಚನಾಮೆ ಮುಗಿಯಿತು. ರಿಜಿಸ್ಟರ್, ಅವನ ಕೋಣೆಯಲ್ಲಿದ್ದ ಅಂಟುಪಟ್ಟಿಯ ಸುರುಳಿ ವಶಕ್ಕೆ ಬಂದವು. ನಾಲ್ಕು ಹತ್ತಕ್ಕೆ ಅವನನ್ನು ಬಂಧಿಸಿ ಹೊರಗೆ ಕರೆತರುವಾಗ, ಕೌಂಟರಿನಾಕೆ ಪ್ಲಾಸ್ಟರ್ ನೋಡಿಕೊಂಡು ದೊಡ್ಡ ಸಿಸ್ಟರ್ ಪಾಸ್‌ವರ್ಡ್ ಒತ್ತುತ್ತಿದ್ದಳು.

ಠಾಣೆಯ ಬೆಂಚಿನ ಮೇಲೆ ಟೀಚರ್ ಕಾದು ಕೂತಿದ್ದರು.

"ನಾದಿನೀನಾ ಮೇಡಂ?"

"ಅಲ್ಲಮ್ಮ. ಅವನಿಗೆ ನಿಮ್ಮ ಪರಿಚಯಾನೇ ಇಲ್ಲ. ಪಟ್ಟಿಯಲ್ಲಿ ನಿಮ್ಮ ಹೆಸರು ಮೊದಲಿತ್ತು, ಅಷ್ಟೇ. ಸ್ಕೂಲಿಗೆ ನಾಳೆ ನಾನೇ ಬಂದು ಮಾತಾಡ್ತೀನಿ."

ಟೀಚರ್ ಕೈಯಲ್ಲಿದ್ದ ಫೋನನ್ನು ಬೆಂಚಿನ ಮೇಲೆ ಮಗುಚಿಟ್ಟರು.

"ಮಧ್ಯಾಹ್ನ ನಾದಿನಿಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದುಬಿಟ್ಟೆ," ಎಂದರು. "ಅವಳಿಗೆ ನನ್ನ ಕಾಯಿಲೆ ವಿಷಯ ಗೊತ್ತೇ ಇರಲಿಲ್ಲವಂತೆ. ನಾನೇ ಎಲ್ಲಾ ಹೇಳಿಬಿಟ್ಟೆ ಮೇಡಂ."