ಕೊಯ್ದು ಕೊಟ್ಟ ತುಂಡು

ಜನರೆದುರು ನನಗೆ ದನಿ ಏಳುವುದಿಲ್ಲ. ಈ ಗುಟ್ಟು ನನ್ನ ಡೈರಿಗೆ ಮಾತ್ರ ಗೊತ್ತು.

ಇವತ್ತು ಆ ದನಿಯೇ ಬೇಕಾಗಿತ್ತು...

ನಾನು ಆಟೋದಲ್ಲಿ. ಹಿಂದೆ ಬಿಳಿ ಜೀಪ್! ಮಡಿಲಲ್ಲಿ ಟಿಫನ್ ಡಬ್ಬಿ. ಅದರೊಳಗೆ ಅಂಗೈಯಗಲದ ಪ್ಯಾನೆಲ್ ಚೂರು.

"ಸೀಕ್ರಂ ಪೋಂಗಣ್ಣಾ!" ಬೇಗ ಹೋಗಿ ಎಂದು ತಮಿಳಿನಲ್ಲಿ ಅಂದೆ.

"ಎನ್ನಮ್ಮಾ?" ಡ್ರೈವರಿಗೆ ಕೇಳಿಸಿರಲಿಲ್ಲ.

ಅಂಬತ್ತೂರಿನ ನಮ್ಮ ಫ್ಯಾಕ್ಟರಿಯಲ್ಲಿ ಹಗುರಾದ ಜೋಡಿಸುವ ಮನೆಗಳು ತಯಾರಾಗುತ್ತವೆ. ಯುದ್ಧದಲ್ಲಿ ಊರು ಬಿಟ್ಟವರಿಗೆ. ನಾಲ್ಕು ಜನ ಸೇರಿದರೆ ಅರ್ಧ ದಿನಕ್ಕೆ ಒಂದು ಮನೆ. ಅಂಥ ಮುನ್ನೂರು ಮನೆಗಳು ಸಂಜೆ ಹಡಗು ಹತ್ತಬೇಕು.

ನಾನು ಕ್ವಾಲಿಟಿ ಇನ್‌ಸ್ಪೆಕ್ಟರ್. ಪ್ರತಿ ಲಾಟಿನಿಂದ ಒಂದು ಗೋಡೆ ಪ್ಯಾನೆಲ್ ನಾನೇ ಆರಿಸಿ, ನಾನೇ ಕೊಯ್ದು, ಬೆಂಕಿ ಹಚ್ಚಬೇಕು. ಉರಿ ತಾನಾಗಿ ಆರಿದರೆ ಪಾಸ್. ಆದರೆ ಗರಗಸ ಕೇಳಲು ಹತ್ತು ಗಂಡಸರ ನಡುವೆ ಹೋಗಬೇಕಲ್ಲ! ಮ್ಯಾನೇಜರ್ ಚಂದ್ರಶೇಖರ ತಾವೇ ತುಂಡು ಕೊಯ್ಯಿಸಿ ನನ್ನ ಟೇಬಲ್ಲಿಗೆ ಕಳಿಸುತ್ತಿದ್ದರು. ನಾನು ತೆಪ್ಪಗೆ ಸುಟ್ಟು ಸಹಿ ಹಾಕುತ್ತಿದ್ದೆ.

ಎಲ್ಲವೂ ಪಾಸ್!

ಇವತ್ತು ಬೆಳಿಗ್ಗೆ, ಲೋಡಿಂಗ್‌ನಲ್ಲಿ ಒಡೆದ ಪ್ಯಾನೆಲ್ಲಿನ ಚೂರೊಂದಕ್ಕೆ ಕಡ್ಡಿ ಗೀರಿದೆ. ಆರಲಿಲ್ಲ. ಕರಗಿ, ಹನಿ ಹನಿಯಾಗಿ ಉರಿಯಿತು... ನನ್ನ ಟೇಬಲ್ಲಿಗೆ ಬರುತ್ತಿದ್ದ ತುಂಡುಗಳು ಈ ಗೋಡೆಗಳದ್ದಲ್ಲ!

ತಲೆಯೆತ್ತಿದರೆ ಚಂದ್ರಶೇಖರ ಬಾಗಿಲಲ್ಲಿದ್ದರು. ಇನ್ನೊಂದು ಚೂರು ಎತ್ತಿಕೊಂಡು ಓಡಿದೆ.

ರಾಯಪುರಂ. ಬಂದರಿನ ಪಕ್ಕದ ಯಾರ್ಡಿನ ಗೇಟು. ಜೀಪ್ ಅಡ್ಡ ನಿಂತಿತು!

"ಏನಮ್ಮಾ ಚಿನ್ಮಯಿ, ನಂಗೂ ಊಟ ತಂದ್ಯಾ?" ಚಂದ್ರಶೇಖರ ನಗುತ್ತಲೇ ಡಬ್ಬಿ ಕಿತ್ತುಕೊಂಡರು. ಚೂರು ಮೋರಿಗೆ ಬಿತ್ತು.

"ಸರ್... ಅದ್ರೊಳಗೆ ಮಕ್ಕಳು ಮಲಗ್ತಾರೆ."

"ಸರ್ಟಿಫಿಕೇಟಲ್ಲಿ ಸೈನ್ ಯಾರ್ದು? ಸಿಕ್ಕಾಕೊಳ್ಳೋದು ನೀನೇ. ವಿಭಾ ಮೇಡಂ ಕೇಳಿದ್ರೆ ಓಕೆ ಅನ್ನು. ಎರಡಕ್ಷರ. ನಿನ್ನ ಗಂಟಲಿಗೆ ಅಷ್ಟು ಸಾಕು!"

ಒಳಗೆ ಮಾದರಿಗೆಂದು ಒಂದು ಮನೆ ನಿಲ್ಲಿಸಿದ್ದರು. ಅದಕ್ಕೆ ಒಂದೇ ಬಾಗಿಲು. ಕೊಳ್ಳುವ ಸಂಸ್ಥೆಯ ವಿಭಾ ಮೇಡಂ ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದಿದ್ದರು.

"ಟೆಸ್ಟ್ ಮಾಡಿದ್ದು ನೀವಾ? ನಮ್ ಕನ್ನಡದ ಹುಡುಗಿ! ಎಲ್ಲಾ ಓಕೆ ತಾನೆ?"

ಚಂದ್ರಶೇಖರರ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು. ಸಾಕ್ಷಿ ಮೋರಿಯಲ್ಲಿತ್ತು. ಉಳಿದದ್ದು ಗಂಟಲೊಂದೇ.

ತುಟಿ ಅಲ್ಲಾಡಿತು.

"ಕೇಳಿಸ್ಲಿಲ್ಲಮ್ಮಾ. ಜೋರಾಗಿ ಹೇಳಿ," ಅಂದರು ವಿಭಾ ಮೇಡಂ.

ಹೇಳಿದೆ. ಕ್ರೇನಿನವನೂ ತಿರುಗಿ ನೋಡಿದ!

"ನಾನು ಒಂದು ಗೋಡೆನೂ ಕೊಯ್ದಿಲ್ಲ ಮೇಡಂ. ಇವರು ಕೊಟ್ಟಿದ್ದನ್ನ ಸುಟ್ಟು ಸೈನ್ ಹಾಕ್ದೆ. ಈಗ ಯಾವ ಗೋಡೆ ಬೇಕೋ ನೀವೇ ತೋರಿಸಿ... ಗರಗಸ ನಾನು ಕೇಳಿ ತರ್ತೀನಿ!"